ಬೀಗದಕ್ಕ ಕೂಗಿದಾಗ

ಆ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳಿಂದ ಹಿಡಿದು ಗೇಟು ಕಾಯುವ ತಾತನವರೆಗೆ ಎಲ್ಲರ ಬಾಯಲ್ಲೂ ಅವಳು ಬೀಗದಕ್ಕ. ಎದುರಿಗೆ ಬರೀ 'ಅಕ್ಕ', ಬೆನ್ನು ತಿರುಗಿದ ಕೂಡಲೇ 'ಬೀಗದಕ್ಕ'. ಅವಳಿಗೂ ಅದು ಗೊತ್ತಿತ್ತು. ಬೇಸರವೇನೂ ಇರಲಿಲ್ಲ; ಒಳಗೊಳಗೇ ಕೊಂಚ ಹೆಮ್ಮೆಯೇ ಇತ್ತು ಅನ್ನಬೇಕು. ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಕಾರಿಡಾರಿನಲ್ಲಿ ನಡೆದು ಬಂದರೆ ಆ ಸದ್ದಿಗೇ ಮಕ್ಕಳು ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಹೆಡ್‌ಮೇಡಂ ಬಂದರೂ ಅಷ್ಟು ಹೆದರುತ್ತಿರಲಿಲ್ಲ.

ಲೈಬ್ರರಿ ಎಂದರೆ ಮೆಟ್ಟಿಲ ಪಕ್ಕದ ಒಂದು ಉದ್ದನೆಯ ಕೋಣೆ. ಗೋಡೆಗುಂಟ ಹಳೆಯ ಮರದ ಕಪಾಟುಗಳು. ಮೇಲರ್ಧಕ್ಕೆ ಗಾಜಿನ ಬಾಗಿಲು, ಅದರೊಳಗೆ ಪುಸ್ತಕ. ಕೆಳಗರ್ಧಕ್ಕೆ ಹಲಗೆಯ ಬಾಗಿಲು, ಅದರೊಳಗೆ ಸವೆದ ನಕ್ಷೆ, ಹಳೆ ಪೇಪರು. ಪುಸ್ತಕಗಳು ಮದುಮಗಳ ಹಾಗೆ ನೀಟಾಗಿ, ಮೈಮೇಲೆ ಕಂದು ಕಾಗದದ ಹೊದಿಕೆ ಹೊದ್ದು ಕುಳಿತಿದ್ದವು. ಹೊದಿಕೆ ಹಾಕಿದವಳೂ ಅವಳೇ. ಹಾಗಾಗಿ ಯಾವುದರಲ್ಲಿ ಹುಲಿ ಇದೆ, ಯಾವುದರಲ್ಲಿ ರೈಲು ಇದೆ ಎಂದು ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

ವಾರಕ್ಕೊಮ್ಮೆ ಒಂದೊಂದು ಕ್ಲಾಸಿಗೆ ಲೈಬ್ರರಿ ಪೀರಿಯಡ್. ಮಕ್ಕಳು ಕೈಕಟ್ಟಿ ಸಾಲಾಗಿ ಕೂರಬೇಕು. ಬೀಗದಕ್ಕ ಇಸ್ಪೀಟು ಹಂಚಿದ ಹಾಗೆ ಪುಸ್ತಕ ಹಂಚುತ್ತಿದ್ದಳು. ಯಾರಿಗೆ ಏನು ಬಂತೋ ಅದೇ ಅವರ ಅದೃಷ್ಟ. ಗಂಟೆ ಹೊಡೆಯಿತೋ, ಸಾಲಿನ ಆ ತುದಿಯಿಂದ ಈ ತುದಿಗೆ ಬಿರುಗಾಳಿಯಂತೆ ಬಂದು ಕೈಯಿಂದ ಕೈಗೆ ಪುಸ್ತಕ ಕಿತ್ತುಕೊಳ್ಳುತ್ತಿದ್ದಳು. 'ಅಕ್ಕ, ಒಂದೇ ಸಾಲು' ಎಂದರೂ ಇಲ್ಲ, 'ಒಂದೇ ಚಿತ್ರ' ಎಂದರೂ ಇಲ್ಲ. ಮನೆಗೆ ಕೊಡುವುದಂತೂ ಕನಸಿನ ಮಾತು.

ಅವಳೇನೂ ಹುಟ್ಟಾ ಕಟುಕಿಯಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಪಾಟು ತೆರೆದೇ ಇಟ್ಟಿದ್ದವಳು. ಆಗಿದ್ದ ಹಳೆಯ ಹೆಡ್‌ಮಾಸ್ತರು ಒಮ್ಮೆ ಪುಸ್ತಕ ತಾಳೆ ನೋಡಿದಾಗ ಕೆಲವು ಸಿಗಲಿಲ್ಲ. ಎಲ್ಲ ಟೀಚರುಗಳ ಎದುರಿಗೆ ಅವರು ನಕ್ಕು, "ಏನಮ್ಮಾ, ನಿಮ್ಮಪ್ಪನ ಬೈಂಡಿಂಗ್ ಅಂಗಡಿಗೆ ಸಾಗಿಸಿದ್ಯಾ?" ಎಂದುಬಿಟ್ಟರು. ಅಪ್ಪ ಬೈಂಡರ್ ಆಗಿದ್ದವನು ನಿಜ. ಆದರೆ ಬದುಕಿನಲ್ಲಿ ಒಂದು ರಟ್ಟಿನ ಚೂರನ್ನೂ ಕೇಳದೆ ತಂದವನಲ್ಲ. ಅವಳಿಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಮಾರನೇ ದಿನವೇ ಬೀಗ ಬಂತು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಕಥೆ. ಆದರೆ ಮೂಗು ಹೋದದ್ದು ಅವಳದ್ದಲ್ಲ, ಮಕ್ಕಳದ್ದು. ಅದು ಅವಳಿಗೆ ಹೊಳೆಯಲಿಲ್ಲ.

ಇನ್ನೊಂದು ವಿಷಯ. ಅಷ್ಟು ಪುಸ್ತಕಕ್ಕೆ ಹೊದಿಕೆ ಹಾಕಿ, ಧೂಳು ಒರೆಸಿ, ನುಸಿಗುಳಿಗೆ ಇಟ್ಟು ಸಾಕಿದವಳು ಒಂದನ್ನೂ ಓದಿರಲಿಲ್ಲ. ಸೌಟಿಗೆ ರುಚಿ ಗೊತ್ತಾಗುತ್ತದೆಯೇ? ಓದಲು ಬರುತ್ತಿರಲಿಲ್ಲ ಎಂದಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ಬಾಯಿಬಿಟ್ಟು ಓದಿದರೆ ಮಾತ್ರ ಅವಳಿಗೆ ತಲೆಗೆ ಹತ್ತುತ್ತಿತ್ತು. ಟೀಚರುಗಳು ಓಡಾಡುವ ಕಡೆ ಹಾಗೆ ಓದಲು ನಾಚಿಕೆ.

ಮನೆಯಲ್ಲಿ ಅತ್ತೆ ಮಾತ್ರ ಅವಳನ್ನು ಬಿಡುತ್ತಿರಲಿಲ್ಲ. ರಾತ್ರಿ ಅಡುಗೆಮನೆ ಬಾಗಿಲಿಗೂ ಚಿಲಕ ಹಾಕುವ ಸೊಸೆಯನ್ನು ನೋಡಿ, "ಲೇ, ಮಲಗೋ ಮುಂಚೆ ನಿನ್ನ ಗಂಡನಿಗೂ ಒಂದು ಬೀಗ ಹಾಕ್ಕೊಂಡ್ಬಿಡು. ಯಾರಾದ್ರೂ ಓದಿಬಿಟ್ಟಾರು," ಎನ್ನುತ್ತಿದ್ದಳು. ಲಿಫ್ಟ್ ರಿಪೇರಿ ಮಾಡಿ ಬಳಲಿ ಬಂದಿರುತ್ತಿದ್ದ ಗಂಡ, ತಟ್ಟೆಯ ಮೇಲೆ ಬಗ್ಗಿ ನಗು ನುಂಗಿಕೊಳ್ಳುತ್ತಿದ್ದ.

ಆ ವರ್ಷ ಹೊಸ ಹೆಡ್‌ಮೇಡಂ ಬಂದರು. ಬಂದ ವಾರವೇ ಎರಡನೇ ಕ್ಲಾಸಿನ ಮಕ್ಕಳನ್ನು ಓದಿಸಿ ನೋಡಿ, ನೇರ ಲೈಬ್ರರಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ಅರ್ಧ ಮಕ್ಕಳು ಪಾಠದ ಪುಸ್ತಕ ಗಿಳಿ ಹಾಗೆ ಒಪ್ಪಿಸ್ತಾರೆ. ಹೊಸದಾಗಿ ಒಂದು ಸಾಲು ಬರೆದು ಕೊಟ್ರೆ ಪಿಳಿಪಿಳಿ ಕಣ್ಣು ಬಿಡ್ತಾರೆ. ಅವರಿಗೆ ಬೇಕಾದ ಔಷಧಿ ನಿಮ್ಮ ಕಪಾಟಲ್ಲಿದೆ, ಬೀಗ ಹಾಕ್ಕೊಂಡು ಕೂತಿದೆ," ಎಂದರು. "ಬೀಗ ತೆಗೀರಿ. ಅವರಿಗೆ ಬೇಕಾದ್ದು ಅವರೇ ಆರಿಸ್ಕೊಳ್ಳಲಿ. ಮನೆಗೂ ಕೊಡಿ. ದಿನಾ ಒಂದು ಕಥೆ ನೀವೇ ಓದಿ ಹೇಳಿ."

"ಹರಿದ್ರೆ ಮೇಡಂ?"

"ಹರೀಲಿ. ಹರಿಯದೇ ಇರೋ ಪುಸ್ತಕ ಅಂದ್ರೆ ಯಾರೂ ಓದದೇ ಇರೋ ಪುಸ್ತಕ."

ಬೀಗದಕ್ಕ "ಆಗಲಿ ಮೇಡಂ" ಎಂದಳು. ಎಂದು, ಸುಮ್ಮನಾದಳು. ಹೆಡ್‌ಮೇಡಂ ಎರಡು ಸಲ ನೆನಪಿಸಿದರು. ಎರಡು ಸಲವೂ ಬಾಯಲ್ಲಿ ಹೂಂ, ಕೈಯಲ್ಲಿ ಬೀಗ. ಇವತ್ತು ಬಂದವರು ನಾಳೆ ವರ್ಗವಾಗಿ ಹೋಗುತ್ತಾರೆ, ಪುಸ್ತಕ ಕಳೆದರೆ ಮಾತು ಕೇಳುವವಳು ನಾನು ತಾನೇ ಎಂಬುದು ಅವಳ ಲೆಕ್ಕ.

ಎರಡನೇ ಕ್ಲಾಸಿನಲ್ಲಿ ಒಂದು ಹುಡುಗಿ ಇದ್ದಳು. ಅವಳ ತಾಯಿ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವವಳು. ಮಗಳೋ ಗಾಳಿ ಬಂದರೆ ಹಾರಿಹೋಗುವಷ್ಟು ಸಣಕಲು. ಹಾಗಾಗಿ ಇಡೀ ಶಾಲೆಗೆ ಅವಳು ಸೂಜಿ. ಮಾತು ಕಡಿಮೆ. ಓದುವುದರಲ್ಲಿ ಹಿಂದೆ, ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಪೀರಿಯಡ್ಡೇ ಮುಗಿಯುತ್ತಿತ್ತು.

ಆ ದಿನ ಕೊನೆಯ ಪೀರಿಯಡ್ ಎರಡನೇ ಕ್ಲಾಸಿನದ್ದು. ಗಂಟೆ ಹೊಡೆಯಿತು. ಬೀಗದಕ್ಕ ಎಂದಿನಂತೆ ಸಾಲಿನುದ್ದಕ್ಕೂ ಪುಸ್ತಕ ಕೀಳುತ್ತಾ ಬಂದಳು. ಕೊನೆಯಲ್ಲೆಲ್ಲೋ ಒಂದು ಪುಸ್ತಕ ಸುಲಭಕ್ಕೆ ಬರಲಿಲ್ಲ. ಅವಳು ಮುಖ ಕೂಡ ನೋಡದೆ ಜಗ್ಗಿದಳು, ಅದು ಬಂತು. ಮಕ್ಕಳು ಬ್ಯಾಗು ಹೇರಿಕೊಂಡು ಹೊರಗೆ ಓಡಿದರು. ಅವಳು ಪುಸ್ತಕಗಳನ್ನು ಮೇಜಿನ ಮೇಲೆ ಹಾಕಿ, ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು. ನಲ್ಲಿಯ ಬಳಿ ಮೂರನೇ ಕ್ಲಾಸಿನ ಟೀಚರ್ ಸಿಕ್ಕರು. ಅವರ ಮಂಡಿನೋವಿನ ಪುರಾಣ ಸ್ವಲ್ಪ ಕೇಳಬೇಕಾಯಿತು.

ವಾಪಸ್ ಬಂದು ಪುಸ್ತಕ ಜೋಡಿಸುವಾಗ ಒಂದರ ಹಾಳೆ ಅರ್ಧ ಹರಿದುಹೋಗಿದ್ದು ಕಂಡಿತು. ಅಡ್ಡಕ್ಕೆ ಹರಿದಿತ್ತು, ಮೇಲಿನರ್ಧ ಪುಸ್ತಕದಲ್ಲೇ ಉಳಿದು, ಕೆಳಗಿನರ್ಧ ಕಾಣೆಯಾಗಿತ್ತು. ಬೀಗ ಹಾಕಲು ಶುರುಮಾಡಿದ ಮೇಲೆ ಇದೇ ಮೊದಲು. ಅವಳಿಗೆ ರಕ್ತ ನೆತ್ತಿಗೇರಿತು.

"ಯಾವ ಮುಂಡೇದು ಹರಿದಿದ್ದು?" ಎಂದು ಖಾಲಿ ಕೋಣೆಗೇ ಕಿರುಚಿದಳು. "ನಾಳೆ ಸಿಗಲಿ, ಚರ್ಮ ಸುಲೀದೆ ಬಿಡಲ್ಲ!"

ಆ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಉಳಿದವನ್ನು ಒಳಗಿಟ್ಟು ಗಾಜಿನ ಬಾಗಿಲು ಮುಚ್ಚಿ ಬೀಗ ತಿರುಗಿಸಿದಳು. ಕೊನೆಯ ಕಪಾಟಿನ ಕೆಳಬಾಗಿಲು ಸ್ವಲ್ಪ ತೆರೆದಿತ್ತು. ಕಾಲಿನಿಂದಲೇ ಒದ್ದು ಮುಚ್ಚಿ, ಬಗ್ಗಿ ಅದಕ್ಕೂ ಬೀಗ ಹಾಕಿದಳು. ದಿನಾ ಹೀಗೆಯೇ. ಕೈ ತನ್ನ ಪಾಡಿಗೆ ತಾನು ಮಾಡುವ ಕೆಲಸ ಅದು. ಆಫೀಸಿಗೆ ಹೋಗಿ ಸಹಿ ಹಾಕಿ ಹೊರಡಬೇಕು, ಅಷ್ಟರಲ್ಲಿ ಗೇಟಿನ ಕಡೆಯಿಂದ ಗಲಾಟೆ ಕೇಳಿಸಿತು.

ಸೂಜಿಯ ತಾಯಿ ಬಂದಿದ್ದಳು. ಸೂಜಿ ಇರಲಿಲ್ಲ.

ಗೇಟಿನ ಪಕ್ಕದ ಕಟ್ಟೆಯ ಮೇಲೆ ಸೂಜಿಯ ಬ್ಯಾಗು ಮಾತ್ರ ಇತ್ತು. "ಇಲ್ಲೇ ಇಟ್ಟು ಏನೋ ಮರೆತೆ ಅಂತ ಓಡಿದ್ಲು. ವಾಪಸ್ ಬಂದಿದ್ದು ನಾನು ನೋಡಲಿಲ್ಲ. ಆಟೋಗಳು ಬಂದ್ವು, ಗಲಾಟೆ ಇತ್ತು..." ಎಂದು ಗೇಟಿನ ತಾತ ತಡವರಿಸಿದ. ಅವನ ಮುಖ ಆಗಲೇ ಬೂದಿಯಾಗಿತ್ತು. ಗೇಟಿನಾಚೆ ಲಾರಿಗಳು ಎಡೆಬಿಡದೆ ಓಡುವ ದೊಡ್ಡ ರಸ್ತೆ.

ಮೊದಲು ಎಲ್ಲರೂ ಸಮಾಧಾನವನ್ನೇ ಹೇಳಿದರು. ಶೌಚಾಲಯದಲ್ಲಿರಬಹುದು, ಗೆಳತಿಯ ಜೊತೆ ಹೋಗಿರಬಹುದು, ಮಕ್ಕಳು ತಾನೇ. ಶೌಚಾಲಯದಲ್ಲಿರಲಿಲ್ಲ. ಗೆಳತಿಯರ ಮನೆಗೆ ಫೋನು ಹೋಯಿತು, ಅಲ್ಲೂ ಇರಲಿಲ್ಲ. ಕ್ಲಾಸುಗಳ ಬಾಗಿಲು ತೆಗೆದು ಬೆಂಚಿನ ಕೆಳಗೆಲ್ಲ ನೋಡಿದರು. ಲೈಬ್ರರಿಗೂ ಒಬ್ಬ ಟೀಚರ್ ಇಣುಕಿ ಬಂದರು. ಖಾಲಿ ಚಾಪೆ, ಬೀಗ ಹಾಕಿದ ಕಪಾಟು. ಬೀಗ ಹಾಕಿದ್ದರೊಳಗೆ ಯಾರು ಹುಡುಕುತ್ತಾರೆ?

"ನಿಮ್ಮ ದನಿ ದೊಡ್ಡದು," ಎಂದರು ಹೆಡ್‌ಮೇಡಂ ಬೀಗದಕ್ಕನಿಗೆ. "ಒಳಗೆಲ್ಲಾ ನೀವು ಕೂಗಿ. ನಾವು ಹಿಂದುಗಡೆ ನೋಡ್ತೀವಿ."

ಬೀಗದಕ್ಕ ಕೂಗಿದಳು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ, ಮೆಟ್ಟಿಲ ಕೆಳಗೆ, ಲೈಬ್ರರಿಯ ಬಾಗಿಲಲ್ಲಿ, ಮತ್ತೆ ಮೆಟ್ಟಿಲ ಮೇಲೆ. "ಸೂಜೀ! ಏಯ್ ಸೂಜೀ! ಎಲ್ಲಿದ್ರೂ ಬಂದ್ಬಿಡು!" ಅವಳ ಗಂಟಲಿಗೆ ತಿಳಿದದ್ದು ಒಂದೇ ರಾಗ, ಭಯದಲ್ಲಿ ಕೂಗಿದರೂ ಅದು ಬೈಗುಳದ ಹಾಗೆಯೇ ಕೇಳಿಸುತ್ತಿತ್ತು. ಗೋಡೆಗಳು ಆ ಕೂಗನ್ನು ಹಾಗೇ ವಾಪಸ್ ಎಸೆದವು.

ಆಗ ಹಿಂದುಗಡೆಯಿಂದ ತಾಯಿಯ ಚೀತ್ಕಾರ ಕೇಳಿತು.

ಬೀಗದಕ್ಕ ಚಪ್ಪಲಿ ಬಿಟ್ಟು ಓಡಿದಳು. ಶಾಲೆಯ ಹಿಂದೆ ನೆಲದೊಳಗೆ ನೀರಿನ ತೊಟ್ಟಿ. ಬೆಳಿಗ್ಗೆ ಪಂಪು ರಿಪೇರಿಗೆ ಬಂದವನು ಮುಚ್ಚಳವನ್ನು ಪೂರ್ತಿ ಎಳೆಯದೆ ಹೋಗಿದ್ದ. ಒಂದು ಮಗು ನುಸುಳುವಷ್ಟು ಸಂದು ಕಪ್ಪಗೆ ಬಾಯಿ ತೆರೆದಿತ್ತು. ತಾಯಿ ನೆಲಕ್ಕೆ ಬಿದ್ದು ಆ ಸಂದಿನೊಳಗೆ ತಲೆ ತೂರಿಸಿ, "ಕಂದಾ, ಕಂದಾ" ಎನ್ನುತ್ತಿದ್ದಳು. ಹೆಡ್‌ಮೇಡಂ ಅವಳ ಸೊಂಟ ಹಿಡಿದುಕೊಂಡಿದ್ದರು. ತಾತ ಮುಚ್ಚಳ ಸರಿಸಿ, ಜೇಡರ ಬಲೆ ತೆಗೆಯುವ ಉದ್ದನೆಯ ಗಳು ತಂದು ನೀರೊಳಗೆ ಬಿಟ್ಟ. ಗಳು ಮೆಲ್ಲಗೆ ಗೋಡೆ ಸವರಿಕೊಂಡು ಸುತ್ತಿತು. ಒಂದು ಕಡೆ ಏನಕ್ಕೋ ತಗುಲಿ ನಿಂತಿತು. ತಾತ ಮೇಲೆತ್ತಿದ. ಹಳೆಯ ಬಕೆಟಿನ ಹಿಡಿಕೆ ಅದು.

"ಬೆಳಕು ಸಾಲದು," ಎಂದ ತಾತ. "ಯಾರಾದ್ರೂ ಟಾರ್ಚ್ ತನ್ನಿ. ಮೂಲೆ ಕಾಣ್ತಿಲ್ಲ."

ದೊಡ್ಡ ಟಾರ್ಚು ಲೈಬ್ರರಿ ಮೇಜಿನ ಖಾನೆಯಲ್ಲಿತ್ತು. ಬೀಗದಕ್ಕ ಓಡಿದಳು. ಓಡುವಾಗ ಕೀಲಿಗೊಂಚಲು ತೊಡೆಗೆ ಬಡಿಯುತ್ತಿತ್ತು. ಹೊತ್ತು ಮುಳುಗಿ ಕೋಣೆಯಲ್ಲಿ ಮಬ್ಬು ಕವಿದಿತ್ತು. ಖಾನೆ ಎಳೆದು ಟಾರ್ಚು ತೆಗೆದು ಹತ್ತಿಸಿದಳು. ಬೆಳಕು ಮೊದಲು ಬಿದ್ದದ್ದು ಮೇಜಿನ ಮೇಲಿನ ಹರಿದ ಹಾಳೆಯ ಮೇಲೆ.

ಅವಳಿಗೆ ಆಗ ನೆನಪಾಯಿತು. ಸುಲಭಕ್ಕೆ ಬಾರದ ಆ ಪುಸ್ತಕ. ಅದನ್ನು ಹಿಡಿದಿದ್ದ ಕೈ. ಮುಖ ನೋಡಿರಲಿಲ್ಲ, ಆದರೆ ಕೈ ಕಂಡಿತ್ತು. ಕಡ್ಡಿಯಂಥ ಮಣಿಕಟ್ಟು, ಅದಕ್ಕೆ ಬಳೆಯ ಬದಲು ಬಣ್ಣದ ಗುಂಡಿಗಳನ್ನು ಪೋಣಿಸಿದ ದಾರ. ಅಂಥ ಗುಂಡಿಸರ ಶಾಲೆಯಲ್ಲಿ ಒಂದೇ ಮಗುವಿನ ಕೈಯಲ್ಲಿತ್ತು.

ಹರಿದದ್ದು ಯಾವ ಮುಂಡೇದೂ ಅಲ್ಲ. ಹರಿದದ್ದು ತಾನು. ಒಂದು ಕಡೆ ಮಗು ಹಿಡಿದಿತ್ತು, ಇನ್ನೊಂದು ಕಡೆ ತಾನು ಜಗ್ಗಿದ್ದಳು. ಅರ್ಧ ಹಾಳೆ ಮುಷ್ಟಿಯಲ್ಲಿ ಉಳಿದ ಆ ಮಗು ಈ ಬೀಗದಕ್ಕನಿಗೆ ಹೆದರಿ ಎಲ್ಲಿಗೆ ಓಡಿತೋ, ಯಾವ ಸಂದಿಗೆ ನುಸುಳಿತೋ, ಯಾವ ಲಾರಿಯ ಮುಂದೆ ಅಡ್ಡ ಹೋಯಿತೋ! ಟಾರ್ಚು ಹಿಡಿದೇ ಸ್ಟೂಲಿನ ಮೇಲೆ ಕುಕ್ಕರಿಸಿದಳು.

ಏಳಬೇಕು, ಅಲ್ಲಿ ತೊಟ್ಟಿಯ ಹತ್ತಿರ ಕಾಯುತ್ತಿದ್ದಾರೆ ಎಂದು ಗೊತ್ತಿತ್ತು. ಆದರೆ ತೊಟ್ಟಿಯ ಮೂಲೆಯಲ್ಲಿ ಬೆಳಕು ಬಿಟ್ಟರೆ ಏನು ಕಾಣುತ್ತದೋ ಎಂಬ ಭಯ ಅವಳನ್ನು ಅಲ್ಲೇ ಒತ್ತಿ ಕೂರಿಸಿತು. ಕಣ್ಣು ಹಾಳೆಯ ಮೇಲಿತ್ತು. ಪ್ರಾಣ ಹೋದರೂ ಬಿಡದ ಹಾಗೆ ಆ ಮಗು ಹಿಡಿದುಕೊಂಡದ್ದು ಏನನ್ನು? ಬೆರಳು ತಾನಾಗಿ ಸಾಲಿನ ಕೆಳಗೆ ಹೋಯಿತು. ಬಾಯಿ ತಾನಾಗಿ ಬಿಚ್ಚಿತು.

"ಆಡು... ಮಾಡಿನ ಮೇಲೆ ನಿಂತಿತ್ತು," ಎಂದು ಓದಿದಳು. ದನಿ ಒಡೆದು ಪಿಸುಗುಟ್ಟಿದ ಹಾಗಿತ್ತು. "ಕೆಳಗಿನಿಂದ ಎಲ್ಲರೂ ಬೈದರು. ಇಳಿ ಅಂದರು. ಕೋಲು ತೋರಿಸಿದರು. ಹಗ್ಗ ತೋರಿಸಿದರು. ಆಡು ಎಲ್ಲರನ್ನೂ ನೋಡಿತು. ಆಮೇಲೆ ಹೇಳಿತು..."

ಹಾಳೆ ಅಲ್ಲಿಗೆ ಹರಿದಿತ್ತು.

"ಏನು ಹೇಳಿತು?" ಎಂದಳು ತನ್ನಷ್ಟಕ್ಕೆ. ಕಣ್ಣೀರು ಬಂದು ಮೂಗಿನ ತುದಿಗೆ ನಿಂತಿತ್ತು. "ಏನು ಹೇಳಿತೇ ಮಾರಾಯ್ತಿ?"

"ಹತ್ತಲು ಬಂತು, ಇಳಿಯಲು ಬರುತ್ತಿಲ್ಲ," ಎಂದಿತು ಒಂದು ಸಣ್ಣ ದನಿ. "ಬೈಯುವುದು ಬಿಟ್ಟು ಒಂದು ಏಣಿ ತನ್ನಿ."

ಬೀಗದಕ್ಕ ತಲೆ ಕೆಟ್ಟಿತೇ ಎಂದುಕೊಂಡಳು. ಟಾರ್ಚು ಸುತ್ತ ತಿರುಗಿಸಿದಳು. ಚಾಪೆ, ಗೋಡೆ, ಕಿಟಕಿ. ಯಾರೂ ಇಲ್ಲ. ಕೂಗಲು ಬಾಯಿ ತೆರೆದವಳು, ಯಾಕೋ ಕೂಗಲಿಲ್ಲ. ಅದೇ ಓದುವ ದನಿಯಲ್ಲೇ ಕೇಳಿದಳು:

"ಆಮೇಲೆ?"

"ಆಮೇಲೆ ಗೊತ್ತಿಲ್ಲ," ಎಂದಿತು ಕೊನೆಯ ಕಪಾಟಿನ ಕೆಳಗರ್ಧ. "ಇಷ್ಟೇ ಇರೋದು."

ಕೀಲಿಗೊಂಚಲು ಅವಳ ಕೈಗೆ ಸಿಗಲೇ ಇಲ್ಲ, ಸಿಕ್ಕಿದ್ದು ಜಾರಿತು. ಎತ್ತಿಕೊಂಡಳು. ಕಣ್ಣುಮುಚ್ಚಿ ತೆಗೆಯುತ್ತಿದ್ದ ಬೀಗ ಅದು. ಈಗ ಕಣ್ಣುಬಿಟ್ಟು ನೋಡಿದರೂ ಎಲ್ಲ ಕೀಲಿಯೂ ಒಂದೇ ಥರ ಕಂಡವು. ಒಂದನ್ನು ತೂರಿಸಿದಳು, ಅದಲ್ಲ. ಇನ್ನೊಂದು, ಅದೂ ಅಲ್ಲ. "ಬಂದೆ ಕಂದಾ, ಬಂದೆ, ಬಂದೆ" ಎನ್ನುತ್ತಲೇ ಇದ್ದಳು. ಕೊನೆಗೊಂದು ತಿರುಗಿತು. ಬಾಗಿಲು ತೆರೆದರೆ ಹಳೆ ನಕ್ಷೆಗಳ ನಡುವೆ ಮೊಣಕಾಲಿಗೆ ಗಲ್ಲ ಅಂಟಿಸಿ, ಮಡಿಸಿಟ್ಟ ಬಟ್ಟೆಯ ಹಾಗೆ ಸೂಜಿ ಕೂತಿದ್ದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಲಂಗ ಒದ್ದೆಯಾಗಿತ್ತು. ಮುಷ್ಟಿಯಲ್ಲಿ ಅರ್ಧ ಹಾಳೆ.

"ನಾನು ಹರೀಲಿಲ್ಲ ಅಕ್ಕ," ಎಂದಳು ಸೂಜಿ. "ವಾಪಸ್ ಇಡೋಕೆ ಬಂದೆ. ನೀವು ಬಂದ್ರಿ."

ಬೀಗದಕ್ಕ ಮಗುವನ್ನು ಹೊರಗೆಳೆದು ಎದೆಗೆ ಒತ್ತಿಕೊಂಡು, ಹೊರಗೆ ಓಡಿದಳು. "ಸಿಕ್ಕಿದ್ಲು! ಸಿಕ್ಕಿದ್ಲು!" ಎಂಬ ಅವಳ ಕೂಗು ಆ ದಿನ ರಸ್ತೆಯಾಚೆಗೂ ಕೇಳಿಸಿತಂತೆ. ತಾಯಿ ಓಡಿ ಬಂದು ಮಗುವನ್ನು ಕಿತ್ತುಕೊಂಡಳು. ಮೊದಲು ಮುತ್ತು ಕೊಟ್ಟಳು, ಆಮೇಲೆ ಬೆನ್ನಿಗೊಂದು ಗುದ್ದಿದಳು, ಮತ್ತೆ ಮುತ್ತು ಕೊಟ್ಟಳು. ತಾತ ಗಳುವನ್ನು ಅಲ್ಲೇ ಬಿಟ್ಟು ನೆಲದ ಮೇಲೆ ಕೂತು ಅತ್ತುಬಿಟ್ಟ.

"ಅಲ್ವೇ, ನಾವು ಅಷ್ಟೊಂದು ಕೂಗಿದ್ವಿ," ಎಂದಳು ತಾಯಿ. "ನಿಂಗೆ ಕೇಳಿಸ್ಲೇ ಇಲ್ವಾ?"

"ನೀನು ಕೂಗಿದ್ದು ಕೇಳಿಸ್ಲಿಲ್ಲ ಅಮ್ಮ," ಎಂದಳು ಸೂಜಿ. "ಅಕ್ಕ ಕೂಗಿದ್ದು ಕೇಳಿಸ್ತು. ಅದಕ್ಕೇ ಸುಮ್ನಿದ್ದೆ."

ಹೆಡ್‌ಮೇಡಂ ಮಗುವಿನ ಬ್ಯಾಗು ತರಲು ಗೇಟಿನ ಕಡೆ ನಡೆದರು, ಬೀಗದಕ್ಕನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಇನ್ನೂ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಒಂದು ಮಗುವಿಗೆ ಕತ್ತಲೆಗಿಂತ, ಉಸಿರು ಕಟ್ಟುವ ಪೆಟ್ಟಿಗೆಗಿಂತ, ಮನೆಗೆ ಹೋಗದೇ ಇರುವುದಕ್ಕಿಂತ ತನ್ನ ದನಿ ದೊಡ್ಡ ಭಯವಾಗಿತ್ತು. ಇಲಿ ಕೊರೆದ ತೂತೊಂದು ಆ ಕಪಾಟಿನ ಹಿಂಬದಿಯಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವಳು ಯೋಚಿಸಲು ಹೋಗಿ, ಅರ್ಧಕ್ಕೇ ನಿಲ್ಲಿಸಿದಳು.

ಆ ರಾತ್ರಿ ಅನ್ನ ಇಳಿಯಲಿಲ್ಲ. ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ಆವತ್ತು ತಮಾಷೆ ಮಾಡಲಿಲ್ಲ. ಸೊಸೆಯ ತಟ್ಟೆಯನ್ನು ತಾನೇ ಎತ್ತಿ ತೊಳೆದಿಟ್ಟಳು.

ಬೆಳಿಗ್ಗೆ ಹೋದವಳೇ ಹೆಡ್‌ಮೇಡಂ ಮೇಜಿನ ಮೇಲೆ ಕೀಲಿಗೊಂಚಲು ಇಟ್ಟಳು. "ನಾನು ಬಿಟ್ಟು ಹೋಗ್ತೀನಿ ಮೇಡಂ. ನನ್ನ ಕೈಲಿ ಆಗಲ್ಲ."

"ಹೋಗಿ," ಎಂದರು ಹೆಡ್‌ಮೇಡಂ. "ಹೋದ್ರೆ ಆ ಮಗು ಜೀವಮಾನ ಪೂರ್ತಿ ನಿಮ್ಮನ್ನ ಕಪಾಟಿನ ಹೊರಗೆ ನಿಂತಿರೋ ಭೂತ ಅಂತಲೇ ನೆನಪಿಟ್ಕೊಳ್ಳುತ್ತೆ. ಪುಸ್ತಕ ಅಂದ್ರೂ ಅದೇ ನೆನಪು. ಅದು ಸರಿ ಅನ್ಸಿದ್ರೆ ಹೋಗಿ." ಕೀಲಿಗೊಂಚಲನ್ನು ಅವಳ ಕಡೆಗೇ ತಳ್ಳಿ, "ನಿನ್ನೆ ಆ ಮಗುವಿನ ಬಾಯಿ ಬಿಡಿಸಿದ್ದೂ ನೀವೇ. ಕೂಗಿ ಅಲ್ಲ, ಓದಿ," ಎಂದರು.

ಬೀಗದಕ್ಕ ಹೋಗಲಿಲ್ಲ. ಕಂದು ಹೊದಿಕೆಗಳನ್ನು ಬಿಚ್ಚಲು ಒಂದಿಡೀ ವಾರ ಹಿಡಿಯಿತು. ಹುಲಿ, ರೈಲು, ಚಂದ್ರ, ಆನೆಯ ಮರಿ ಎಲ್ಲ ಹೊರಬಂದವು. ಇಷ್ಟು ವರ್ಷ ಇವರನ್ನೆಲ್ಲ ಜೈಲಿಗೆ ಹಾಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಪುಸ್ತಕಗಳು ಮಕ್ಕಳ ಕೈಗೆಟುಕುವ ಹಾಗೆ ಕೆಳಗಿನ ಹಲಗೆಗೆ ಇಳಿದವು. ಕೆಳಬಾಗಿಲುಗಳನ್ನು ಕೀಲು ಸಮೇತ ಕಿತ್ತುಹಾಕಿಸಿದಳು. ಮಕ್ಕಳು ಮನೆಗೆ ಒಯ್ದರು. ಕೆಲವರು ತರಲಿಲ್ಲ, ಒಬ್ಬನ ಪುಸ್ತಕವನ್ನು ಅವನ ತಂಗಿ ಅಗಿದುಬಿಟ್ಟಿದ್ದಳು. ಬೀಗದಕ್ಕ ಗೊಣಗಿದಳು, ಗೊಣಗದಿದ್ದರೆ ಅವಳು ಅವಳೇ ಅಲ್ಲ. ಆದರೆ ಯಾರು ಹರಿದದ್ದು ಎಂದು ಕೇಳುವುದನ್ನು ಮಾತ್ರ ಬಿಟ್ಟಳು. ಹರಿದದ್ದನ್ನು ಒಂದು ಬುಟ್ಟಿಗೆ ಹಾಕಿ ಹೋದರಾಯಿತು. ದೊಡ್ಡ ಮಕ್ಕಳನ್ನು ಕೂರಿಸಿಕೊಂಡು ಅಂಟು ಹಚ್ಚುತ್ತಿದ್ದಳು.

ಕಥೆ ಓದುವುದೇ ಅವಳಿಗೆ ಯಮಯಾತನೆಯಾಗಿತ್ತು. ಬೆರಳಿಟ್ಟು, ನಿಂತು ನಿಂತು ಓದುತ್ತಿದ್ದಳು. ಮೊದಲ ದಿನ ಮಕ್ಕಳು ಕಿಸಕ್ಕೆಂದರು. ಆಮೇಲೆ ತಾವೂ ಬೆರಳಿಟ್ಟು ಅವಳ ಜೊತೆಗೇ ಓದತೊಡಗಿದರು. ವೇಗವಾಗಿ ಓದುವ ಟೀಚರುಗಳ ಹಿಂದೆ ಓಡಲಾರದ ಮಕ್ಕಳಿಗೆ ಈ ನಡಿಗೆ ಹಿತವಾಗಿತ್ತು. ಅವಳು ಎಡವಿದ ಕಡೆ ಅವರೇ ಮುಂದಿನ ಪದ ಹೇಳಿಕೊಡುತ್ತಿದ್ದರು. ಗಿಳಿಪಾಠದ ಎರಡನೇ ಕ್ಲಾಸು ವರ್ಷದ ಕೊನೆಯ ಹೊತ್ತಿಗೆ ಹೊಸ ಸಾಲುಗಳಿಗೆ ಕಣ್ಣು ಪಿಳುಕಿಸುವುದನ್ನು ಬಿಟ್ಟಿತು. ಹೆಡ್‌ಮೇಡಂಗೆ ಖುಷಿ. ಬೀಗದಕ್ಕನಿಗೆ ಮಾತ್ರ ಆ ಖುಷಿ ಪೂರ್ತಿ ಹತ್ತಲಿಲ್ಲ.

ಯಾಕೆಂದರೆ ಸೂಜಿ ಓಗೊಡುತ್ತಿರಲಿಲ್ಲ.

ಆ ಸಂಜೆಯ ಮಾರನೇ ದಿನದಿಂದ ಅವಳು ಲೈಬ್ರರಿಯ ಹೊಸ್ತಿಲ ಹೊರಗೇ ಕೂರುತ್ತಿದ್ದಳು. ಗೆಳತಿಯ ಕೈಯಲ್ಲಿ ಪುಸ್ತಕ ತರಿಸಿಕೊಳ್ಳುತ್ತಿದ್ದಳು. ಆಡಿನ ಕಥೆಯನ್ನು ಬೀಗದಕ್ಕ ಅಂಟಿಸಿ, ಬಟ್ಟೆಪಟ್ಟಿ ಹಚ್ಚಿ ಕಳಿಸಿದಾಗ ಅದನ್ನೂ ಮನೆಗೆ ಒಯ್ದು ತಂದಳು. ತಿಂಗಳುಗಳು ಕಳೆದ ಮೇಲೆ ಹೊಸ್ತಿಲು ದಾಟಿ ಒಳಗೂ ಬಂದಳು. ಹಿಂದಿನ ಮೂಲೆಯೊಂದನ್ನು ಹಿಡಿದಳು. ಆದರೆ ಬೀಗದಕ್ಕ "ಸೂಜಿ" ಎಂದು ಕರೆದರೆ ಸಾಕು, ಆ ಪುಟ್ಟ ಬೆನ್ನು ಕಲ್ಲಾಗುತ್ತಿತ್ತು. ತಲೆ ಎತ್ತುತ್ತಿರಲಿಲ್ಲ. ಬೀಗದಕ್ಕ ಮೆಲ್ಲಗೆ ಕರೆದು ನೋಡಿದಳು, ಹಾಡಿನ ಹಾಗೆ ಕರೆದು ನೋಡಿದಳು. ಊಹೂಂ. ಕೊನೆಗೆ ಕರೆಯುವುದನ್ನೇ ನಿಲ್ಲಿಸಿದಳು. ಮಗುವನ್ನು ಹೆಸರು ಹಿಡಿದು ಕರೆಯಲು ತನಗೆ ಹಕ್ಕಿಲ್ಲ ಎನ್ನಿಸಿಬಿಟ್ಟಿತ್ತು.

ಸೂಜಿ ಮೂರನೇ ಕ್ಲಾಸಿಗೆ ಬಂದ ಮೇಲೆ ಒಂದು ಸಂಜೆ. ಮಕ್ಕಳೆಲ್ಲ ಹೋಗಿದ್ದರು. ಬೀಗದಕ್ಕ ಗೇಟಿನ ಹತ್ತಿರ ತಾತನ ಜೊತೆ ಮಾತಾಡುತ್ತಾ ನಿಂತಿದ್ದಳು. ಸೂಜಿಯ ತಾಯಿ ಹೊಲಿಗೆ ಅಂಗಡಿಯಿಂದ ಬಂದು ಕಟ್ಟೆಯ ಕಡೆ ನೋಡಿದಳು. ಕಟ್ಟೆಯ ಮೇಲೆ ಮಗು ಇರಲಿಲ್ಲ. ಅಂಗಳದಲ್ಲೂ ಇರಲಿಲ್ಲ.

"ಎಲ್ಲಿ ಇವಳು?" ಎಂದಳು ತಾಯಿ. ಮಾತು ಸಾಧಾರಣವಾಗಿಯೇ ಇತ್ತು, ಮುಖ ಮಾತ್ರ ಬಿಳಿಚಿಕೊಂಡಿತು. ತಾತ ಎದ್ದು ನಿಂತ. ಬೀಗದಕ್ಕ ಮಾತು ಅರ್ಧಕ್ಕೇ ಬಿಟ್ಟು ಗೇಟಿನಾಚೆಯ ರಸ್ತೆ ನೋಡಿದಳು.

ಮೂವರೂ ಒಳಗೆ ನಡೆದರು. ಕಾರಿಡಾರು ಖಾಲಿ. ತಾಯಿ ಕೂಗಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ತಾತ ಶೌಚಾಲಯದ ಕಡೆ ಓಡಿದ. ಈಗ ಕೂಗಬೇಕಾದವಳು ಬೀಗದಕ್ಕ. ಕೂಗಿದರೆ ಎಲ್ಲಿದ್ದರೂ ಆ ಮಗು ಇನ್ನೂ ಒಳಗೆ ಮುದುಡಿಕೊಂಡರೆ? ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಂದು ಗಳಿಗೆ ನಿಂತಳು. ಪಕ್ಕದಲ್ಲಿ ತಾಯಿ ಅವಳ ತೋಳು ಹಿಡಿದುಕೊಂಡಳು. ಬೇರೆ ದಾರಿ ಇರಲಿಲ್ಲ.

"ಸೂಜೀ..." ಎಂದು ಕೂಗಿದಳು. ಅದೇ ದೊಡ್ಡ ದನಿ. ಬೇರೆ ದನಿ ಅವಳ ಹತ್ತಿರ ಎಲ್ಲಿತ್ತು?

ಗೋಡೆಗಳು ಕೂಗನ್ನು ವಾಪಸ್ ಎಸೆದವು.

"ಓ!" ಎಂದಿತು ಲೈಬ್ರರಿಯ ಹಿಂದಿನ ಮೂಲೆ. "ಇಲ್ಲಿದೀನಿ ಅಕ್ಕಾ! ಇನ್ನೊಂದೇ ಪುಟ ಇದೆ, ತಡೀರಿ!"

ತಾಯಿ ಗೋಡೆಗೊರಗಿ ಅಲ್ಲೇ ಕುಸಿದು ಕೂತಳು. ಬೀಗದಕ್ಕ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಆ ಪುಟ ಮುಗಿಯುವವರೆಗೂ ಕಾದಳು.